ಹಾಲಿನ ಲೆಕ್ಕದ ಸರ್ವರ್‌ಗೆ ಯಾವ ಕರ್ನಲ್?

ಪ್ರಶ್ನೆ: ನಮ್ಮದು ಮಂಡ್ಯದ ಒಂದು ಚಿಕ್ಕ ಸಂಸ್ಥೆ. ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಕೆಲವು ಹಾಲು ಉತ್ಪಾದಕರ ಸಂಘಗಳಿಗೆ ಲೆಕ್ಕದ ತಂತ್ರಾಂಶ ಒದಗಿಸುತ್ತೇವೆ. ಬೆಳಿಗ್ಗೆ ಮತ್ತು ಸಂಜೆ ಹಾಲು ಅಳೆಯುವ ಹೊತ್ತಿನಲ್ಲಿ ಲೀಟರು, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ವಿವರಗಳು ನಮ್ಮ ಸರ್ವರ್‌ಗೆ ಬಂದು ಪೋಸ್ಟ್‌ಗ್ರೆಸ್ ಡೇಟಾಬೇಸ್ ಸೇರುತ್ತವೆ. ಬಟವಾಡೆ ಪಟ್ಟಿಯೂ ಅಲ್ಲಿಂದಲೇ ತಯಾರಾಗುತ್ತದೆ. ಈಗಿನ ಯಂತ್ರದಲ್ಲಿ ಸೆಂಟ್‌ಒಎಸ್ 7 ಎಂಬ ಲಿನಕ್ಸ್ ವಿತರಣೆ ಇದ್ದು, ಎರಡು ವರ್ಷಗಳಿಂದ ಅದು ಒಮ್ಮೆಯೂ ನಿಂತಿಲ್ಲ. ಹೊಸದಾಗಿ ಕೊಂಡ ಯಂತ್ರಕ್ಕೆ ಡೆಬಿಯನ್ 12 ಎಂಬ ಇನ್ನೊಂದು ಲಿನಕ್ಸ್ ವಿತರಣೆ ಹಾಕಲು ಹೋದಾಗ ನೆಟ್‌ವರ್ಕ್ ಕಾರ್ಡ್ ಗುರುತು ಸಿಗಲಿಲ್ಲ. ಬೆಂಗಳೂರಿನ ಗೆಳೆಯರೊಬ್ಬರು ಇನ್ನೂ ಬಿಡುಗಡೆಯಾಗದ ಆರ್‌ಸಿ ಕರ್ನಲ್ (ಕರ್ನಲ್ ಎಂದರೆ ಯಂತ್ರವನ್ನು ನಡೆಸುವ ಲಿನಕ್ಸ್‌ನ ತಿರುಳು, ಆರ್‌ಸಿ ಎಂದರೆ ಅದರ ಪರೀಕ್ಷಾರ್ಥ ಆವೃತ್ತಿ) ಹಾಕಿದರೆ ಎಲ್ಲವೂ ಸರಿಹೋಗುತ್ತದೆ ಎನ್ನುತ್ತಾರೆ. ನಮ್ಮ ಸಂಸ್ಥೆಯ ಹಿರಿಯರು ಹಳೆಯ ಯಂತ್ರದಷ್ಟು ಸ್ಥಿರವಾದದ್ದು ಯಾವುದೂ ಇಲ್ಲ, ಅದನ್ನು ಮುಟ್ಟಲೇಬೇಡಿ ಎನ್ನುತ್ತಾರೆ. ಸರ್ವರ್‌ಗೆ ಸ್ಥಿರ ಕರ್ನಲ್ ಮತ್ತು ಪ್ರಾಯೋಗಿಕ ಕರ್ನಲ್‌ಗಳ ನಡುವೆ ಆಯ್ಕೆ ಮಾಡುವುದು ಹೇಗೆ?

ಉತ್ತರ: ನಿಮ್ಮ ಎರಡು ಯಂತ್ರಗಳ ಬಗ್ಗೆ ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ, ಕಾರಣಗಳು ಆಮೇಲೆ ಬರಲಿ. ಹೊಸ ಯಂತ್ರಕ್ಕೆ ಆರ್‌ಸಿ ಕರ್ನಲ್ ಬೇಡ. ಅದಕ್ಕೆ 2025ರ ಆಗಸ್ಟ್‌ನಲ್ಲಿ ಹೊರಬಂದ ಡೆಬಿಯನ್ 13 ಹಾಕಿ. ಅದರಲ್ಲಿರುವ 6.12 ಕರ್ನಲ್ ದೀರ್ಘಾವಧಿ ನಿರ್ವಹಣೆಗೆಂದು ಆರಿಸಲಾದ ಸಾಲಿಗೆ ಸೇರಿದ್ದು, ಡೆಬಿಯನ್ 12ರ 6.1ಕ್ಕಿಂತ ಸುಮಾರು ಎರಡು ವರ್ಷ ಹೊಸದು. ನಿಮ್ಮ ತಂತ್ರಾಂಶದ ಕಾರಣಕ್ಕೆ ಡೆಬಿಯನ್ 12ರಲ್ಲೇ ಉಳಿಯಬೇಕೆಂದಿದ್ದರೆ, ಹೊಸ ಪ್ಯಾಕೇಜ್‌ಗಳನ್ನು ಹಳೆಯ ಆವೃತ್ತಿಗೆ ಹೊಂದಿಸಿಡುವ ಅದರ ಬ್ಯಾಕ್‌ಪೋರ್ಟ್ಸ್ ಭಂಡಾರದಲ್ಲಿಯೂ 6.12 ಸಾಲಿನ ಕರ್ನಲ್ ಸಿಗುತ್ತದೆ. ಇನ್ನು ಹಳೆಯ ಯಂತ್ರದ ವಿಚಾರ: ನಿಮ್ಮ ಬಳಿ ಇರುವ ಎರಡರಲ್ಲಿ ಹೆಚ್ಚು ಅಪಾಯದಲ್ಲಿರುವುದು ಅದೇ. ಹೊಸದು ಸಿದ್ಧವಾದ ಕೂಡಲೇ ಲೆಕ್ಕವನ್ನು ಅಲ್ಲಿಂದ ಸಾಗಿಸಿ.

ನೆಟ್‌ವರ್ಕ್ ಕಾರ್ಡ್ ಸಿಗಲಿಲ್ಲ ಎಂದಿದ್ದೀರಿ. ಹೀಗಾಗಲು ಎರಡು ಬೇರೆ ಬೇರೆ ಕಾರಣಗಳಿರುತ್ತವೆ. ಒಂದನೆಯದು, ಆ ಕಾರ್ಡನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ಕರ್ನಲ್‌ನಲ್ಲಿಯೇ ಇಲ್ಲದಿರುವುದು. ಎರಡನೆಯದು, ಡ್ರೈವರ್ ಇದ್ದರೂ ಕಾರ್ಡ್‌ಗೆ ಕಳುಹಿಸಬೇಕಾದ, ಅದರ ಒಳಗೇ ಓಡುವ ಫರ್ಮ್‌ವೇರ್ ಎಂಬ ತಂತ್ರಾಂಶದ ಕಡತ ಡಿಸ್ಕ್‌ನಲ್ಲಿ ಇಲ್ಲದಿರುವುದು. ಕರ್ನಲ್ ಸಂದೇಶಗಳಲ್ಲಿ ಫರ್ಮ್‌ವೇರ್ ಸಿಗಲಿಲ್ಲ ಎಂಬ ಸಾಲು ಕಂಡರೆ ಕರ್ನಲ್ ಬದಲಿಸುವ ಪ್ರಮೇಯವೇ ಇಲ್ಲ, ಆ ಒಂದು ಪ್ಯಾಕೇಜ್ ಹಾಕಿದರೆ ಸಾಕು. ಅಂಥ ಸಾಲು ಇಲ್ಲದೆ, ಪಿಸಿಐ ಸಾಧನಗಳ ಪಟ್ಟಿಯಲ್ಲಿ ಕಾರ್ಡ್‌ನ ಹೆಸರು ಇದ್ದು ಅದರ ಕೆಳಗೆ ಯಾವ ಡ್ರೈವರ್ ಬಳಕೆಯಲ್ಲಿದೆ ಎಂಬ ಸಾಲು ಮಾತ್ರ ಕಾಣದಿದ್ದರೆ, ಆಗ ಹೊಸ ಕರ್ನಲ್ ಬೇಕೇ ಬೇಕು. ಅದನ್ನು ತರಿಸಿಕೊಳ್ಳಲು ನೆಟ್‌ವರ್ಕ್ ಎಲ್ಲಿದೆ ಎಂದು ಯೋಚಿಸಬೇಡಿ. ಮೊಬೈಲ್ ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ ಇಂಟರ್ನೆಟ್ ಹಂಚಿಕೊಂಡರೆ ಅನುಸ್ಥಾಪನೆಯ ಮಟ್ಟಿಗೆ ಕೆಲಸ ನಡೆಯುತ್ತದೆ.

ಈಗ ಕಾರಣಗಳಿಗೆ ಬರೋಣ. ನಿಮ್ಮ ಗೆಳೆಯರ ಸಲಹೆಗೂ ಹಿರಿಯರ ಸಲಹೆಗೂ ಬೇರು ಒಂದೇ: ಆವೃತ್ತಿಯ ಸಂಖ್ಯೆಯನ್ನು ನೋಡಿ ಕರ್ನಲ್‌ನ ಗುಣ ಹೇಳಬಹುದು ಎಂಬ ನಂಬಿಕೆ. ಒಂದು ಕಾಲಕ್ಕೆ ಈ ನಂಬಿಕೆ ಸರಿಯಾಗಿಯೇ ಇತ್ತು. ಲಿನಕ್ಸ್‌ನ ಆರಂಭದ ವರ್ಷಗಳಲ್ಲಿ ಎರಡನೆಯ ಅಂಕಿ ಸಮಸಂಖ್ಯೆಯಾಗಿದ್ದರೆ ಅದು ಸ್ಥಿರ ಸಾಲು, ಬೆಸಸಂಖ್ಯೆಯಾಗಿದ್ದರೆ ಅಭಿವೃದ್ಧಿಯ ಸಾಲು ಎಂಬ ನಿಯಮವಿತ್ತು. 2.0, 2.2, 2.4 ಸರ್ವರ್‌ಗಳಿಗೆ, 2.1, 2.3, 2.5 ಕರ್ನಲ್ ಬರೆಯುವವರಿಗೆ. ನಿಯಮ ಕೇಳಲು ಚೆನ್ನಾಗಿದ್ದರೂ ಅದರ ಫಲ ಅಷ್ಟು ಚೆನ್ನಾಗಿರಲಿಲ್ಲ. 2.4.0 ಬಂದದ್ದು 2001ರ ಜನವರಿಯಲ್ಲಿ, 2.6.0 ಬಂದದ್ದು 2003ರ ಡಿಸೆಂಬರ್‌ನಲ್ಲಿ. ನಡುವಿನ ಸುಮಾರು ಮೂರು ವರ್ಷ ಹೊಸ ಯಂತ್ರಗಳಿಗೆ ಬೇಕಾದ ಸೌಲಭ್ಯಗಳೆಲ್ಲ ಅಭಿವೃದ್ಧಿಯ ಸಾಲಿನಲ್ಲಿಯೇ ಸಿಕ್ಕಿಬಿದ್ದಿದ್ದವು. ಗ್ರಾಹಕರ ಒತ್ತಡಕ್ಕೆ ಮಣಿದ ವಿತರಣಾ ಸಂಸ್ಥೆಗಳು (ಲಿನಕ್ಸನ್ನು ಜೋಡಿಸಿ ಬಳಕೆದಾರರಿಗೆ ಕೊಡುವವರು) 2.5ರ ಎಷ್ಟೋ ಭಾಗಗಳನ್ನು ತಾವೇ 2.4ಕ್ಕೆ ಹೊಲಿದು ಮಾರಿದವು. ಹೆಸರಿಗೆ ಸ್ಥಿರ ಕರ್ನಲ್ ಆದರೂ ಒಬ್ಬೊಬ್ಬರ ಬಳಿ ಇದ್ದದ್ದು ಒಂದೊಂದು ಬಗೆಯದಾಗಿತ್ತು.

ಆದ್ದರಿಂದ 2.6ರ ನಂತರ 2.7 ಬರಲೇ ಇಲ್ಲ. 2004ರಿಂದ ಈಚೆಗೆ ಒಂದೇ ಮುಖ್ಯ ಸಾಲು ಬೆಳೆಯುತ್ತಿದೆ. ಸುಮಾರು ಒಂಬತ್ತು ಹತ್ತು ವಾರಗಳಿಗೊಮ್ಮೆ ಹೊಸ ಆವೃತ್ತಿ ಬರುತ್ತದೆ. ಅದರಲ್ಲಿ ಮೊದಲ ಎರಡು ವಾರ ಹೊಸ ಬದಲಾವಣೆಗಳನ್ನು ಒಳಗೆ ಸೇರಿಸಿಕೊಳ್ಳುವ ಅವಧಿ. ಅದು ಮುಗಿದ ದಿನ ಆರ್‌ಸಿ1 ಹೊರಬೀಳುತ್ತದೆ. ಅಲ್ಲಿಂದ ಮುಂದೆ ವಾರಕ್ಕೊಂದರಂತೆ ಆರ್‌ಸಿ7ರವರೆಗೆ, ಕೆಲವೊಮ್ಮೆ ಆರ್‌ಸಿ8ರವರೆಗೆ ದೋಷಗಳನ್ನು ತಿದ್ದುವ ಕೆಲಸ ನಡೆದು ಅಂತಿಮ ಬಿಡುಗಡೆ ಆಗುತ್ತದೆ. ಬಿಡುಗಡೆಯಾದ ಆವೃತ್ತಿಗೆ ಮುಂದೆ ತಿದ್ದುಪಡಿಗಳನ್ನಷ್ಟೇ ಸೇರಿಸಿ 6.12.1, 6.12.2 ಎಂದು ಹೊರತರುವ ಪದ್ಧತಿ 2005ರ ಮಾರ್ಚ್‌ನಲ್ಲಿ ಕರ್ನಲ್ ಬರೆಯುವವರಾದ ಗ್ರೆಗ್ ಕ್ರೋಹ್-ಹಾರ್ಟ್‌ಮನ್ ಮತ್ತು ಕ್ರಿಸ್ ರೈಟ್ ಅವರಿಂದ ಶುರುವಾಯಿತು. 3.0, 4.0, 5.0, 6.0 ಎಂಬ ಏರಿಕೆಗಳಿಗೆ ತಾಂತ್ರಿಕ ಅರ್ಥವೇನೂ ಇಲ್ಲ. ಬಾಲದ ಸಂಖ್ಯೆ ತೀರಾ ದೊಡ್ಡದಾಯಿತೆಂದು ಲಿನಕ್ಸ್‌ನ ಜನಕ ಲಿನಸ್ ಟೋರ್ವಾಲ್ಡ್ಸ್ ಮೊದಲ ಸಂಖ್ಯೆಯನ್ನು ಏರಿಸುತ್ತಾರೆ, ಅಷ್ಟೆ.

ಹೀಗಾಗಿ ಇಂದು ನಿಮ್ಮ ಮುಂದಿರುವುದು ಎರಡಲ್ಲ, ಕನಿಷ್ಠ ನಾಲ್ಕು ದಾರಿಗಳು. ಆರ್‌ಸಿ ಒಂದು. ಈಗಷ್ಟೇ ಬಿಡುಗಡೆಯಾದ ಸ್ಥಿರ ಆವೃತ್ತಿ ಇನ್ನೊಂದು. ಮುಂದಿನ ಆವೃತ್ತಿ ಬಂದ ಕೆಲವೇ ವಾರಗಳಲ್ಲಿ ಇದಕ್ಕೆ ತಿದ್ದುಪಡಿ ನಿಲ್ಲುತ್ತದೆ, ಅಂದರೆ ಎರಡು ಮೂರು ತಿಂಗಳಿಗೊಮ್ಮೆ ನೀವು ಮುಂದಕ್ಕೆ ಹಾರುತ್ತಲೇ ಇರಬೇಕು. ವರ್ಷಕ್ಕೊಂದರಂತೆ ಆರಿಸಿ ಹಲವು ವರ್ಷ ನಿರ್ವಹಿಸುವ ದೀರ್ಘಾವಧಿ ಸಾಲು ಮೂರನೆಯದು: 5.10, 5.15, 6.1, 6.6, 6.12 ಇವೆಲ್ಲ ಆ ಬಗೆಯವು. ವಿತರಣಾ ಸಂಸ್ಥೆ ತನ್ನದೇ ಹೊಣೆಯಲ್ಲಿ ಕೊಡುವ ಕರ್ನಲ್ ನಾಲ್ಕನೆಯದು. ಇಬ್ಬರು ಮೂವರು ಸೇರಿ ನಡೆಸುವ ಸಂಸ್ಥೆಗೆ ಎರಡನೆಯ ದಾರಿ ಒಗ್ಗುವುದಿಲ್ಲ. ನಾಲ್ಕನೆಯದೇ ಸೂಕ್ತ, ಅದರೊಳಗಿನ ತಿರುಳು ಮೂರನೆಯದಾಗಿದ್ದರೆ ಇನ್ನೂ ಉತ್ತಮ. ಡೆಬಿಯನ್‌ನಲ್ಲಿ ಆಗುವುದು ಹಾಗೆಯೇ.

ಆರ್‌ಸಿಯನ್ನು ನಾನು ಇಷ್ಟು ಖಂಡಿತವಾಗಿ ಬೇಡವೆನ್ನಲು ಕಾರಣವಿದೆ. ಆರ್‌ಸಿ ಕರ್ನಲ್‌ನಿಂದ ಯಂತ್ರ ಒಮ್ಮೊಮ್ಮೆ ಹ್ಯಾಂಗ್ ಆಗಬಹುದು, ರೀಬೂಟ್ ಮಾಡಿದರಾಯಿತು ಎಂದು ಬಹಳಷ್ಟು ಜನ ಭಾವಿಸಿದ್ದಾರೆ. ಹ್ಯಾಂಗ್ ಆಗುವುದು ಅದರ ಅತ್ಯಂತ ಸಣ್ಣ ತೊಂದರೆ. 2021ರಲ್ಲಿ 5.12ರ ಆರ್‌ಸಿ1 ಬಂದಾಗ, ಸ್ವಾಪ್‌ಗೆ (ಮೆಮೊರಿ ತುಂಬಿದಾಗ ಡಿಸ್ಕ್‌ನಲ್ಲಿ ಬಳಸುವ ಜಾಗಕ್ಕೆ) ಪ್ರತ್ಯೇಕ ವಿಭಾಗದ ಬದಲು ಸ್ವಾಪ್ ಕಡತವನ್ನು ಬಳಸುತ್ತಿದ್ದ ಯಂತ್ರಗಳಲ್ಲಿ ಒಂದು ವಿಪರೀತ ಸಂಭವಿಸಿತು. ಆ ಕಡತ ಡಿಸ್ಕ್‌ನ ಯಾವ ಜಾಗದಿಂದ ಶುರುವಾಗುತ್ತದೆ ಎಂಬ ಲೆಕ್ಕವನ್ನೇ ಕರ್ನಲ್ ಬಿಟ್ಟುಬಿಟ್ಟಿತ್ತು. ಮೆಮೊರಿ ತುಂಬಿ ಸ್ವಾಪ್‌ಗೆ ಬರೆಯಬೇಕಾದಾಗ ಅದು ಕಡತದೊಳಗೆ ಬರೆಯುವ ಬದಲು ಡಿಸ್ಕ್‌ನಲ್ಲಿ ಕಡತಗಳನ್ನು ಜೋಡಿಸಿಡುವ ಫೈಲ್‌ಸಿಸ್ಟಮ್‌ನ ಮೇಲೆಯೇ ಬರೆಯಿತು. ಟೋರ್ವಾಲ್ಡ್ಸ್ ಅವರು ಆ ಆವೃತ್ತಿಯ ಗುರುತಿನ ಹೆಸರಿಗೇ ‘ಡೋಂಟ್‌ಯೂಸ್’ ಎಂದು ಸೇರಿಸಿ, ಯಾರೂ ಬಳಸಬಾರದೆಂದು ಎಚ್ಚರಿಸಬೇಕಾಯಿತು. ಸ್ವಾಪ್‌ಗೆ ಪ್ರತ್ಯೇಕ ವಿಭಾಗ ಮಾಡಿಕೊಂಡಿದ್ದ ಪರೀಕ್ಷಕರಿಗೆ ಈ ದೋಷ ತಟ್ಟಲಿಲ್ಲ. ಅದೇ ಕರ್ನಲ್, ಒಬ್ಬರ ಯಂತ್ರದಲ್ಲಿ ಸುಗಮವಾಗಿ ನಡೆದದ್ದು ಇನ್ನೊಬ್ಬರ ಡಿಸ್ಕ್ ಅಳಿಸಿತು. ನಿಮ್ಮ ಗೆಳೆಯರು ‘ನನ್ನ ಲ್ಯಾಪ್‌ಟಾಪ್‌ನಲ್ಲಿ ಓಡುತ್ತಿದೆ’ ಎಂದು ಹೇಳಿದರೆ, ಅದನ್ನು ಈ ಹಿನ್ನೆಲೆಯಲ್ಲಿ ತೂಗಿ ನೋಡಿ.

ಇನ್ನೂ ಹಿಂದಿನ ಒಂದು ಪ್ರಸಂಗ ನಿಮ್ಮ ಸಮಸ್ಯೆಗೆ ಹೆಚ್ಚು ಹತ್ತಿರದ್ದು, ಏಕೆಂದರೆ ಅದೂ ನೆಟ್‌ವರ್ಕ್ ಕಾರ್ಡ್‌ನದೇ. 2008ರಲ್ಲಿ 2.6.27ರ ಆರ್‌ಸಿ ಹಂತದಲ್ಲಿ ಇಂಟೆಲ್‌ನ ಇ1000ಇ ಡ್ರೈವರ್ ಬಳಸುವ ಕಾರ್ಡ್‌ಗಳು ಇದ್ದಕ್ಕಿದ್ದಂತೆ ಸತ್ತುಹೋಗತೊಡಗಿದವು. ಕಾರ್ಡ್‌ನ ವಿಳಾಸ ಮತ್ತು ಸಂರಚನೆ ಇರುವ ಚಿಪ್‌ನ ಮಾಹಿತಿಯೇ ಹಾಳಾಗುತ್ತಿತ್ತು. ಹಳೆಯ ಕರ್ನಲ್‌ಗೆ ಮರಳಿದರೂ ಕಾರ್ಡ್ ಏಳುತ್ತಿರಲಿಲ್ಲ. ಎಲ್ಲರೂ ಮೊದಲು ಡ್ರೈವರನ್ನೇ ಅನುಮಾನಿಸಿದರು. ಕೊನೆಗೆ ಸಿಕ್ಕಿಬಿದ್ದದ್ದು ಕರ್ನಲ್‌ನ ಒಳಗಿನ ಕರೆಗಳನ್ನು ಗುರುತಿಸಲು ಹೊಸದಾಗಿ ಸೇರಿಸಿದ್ದ ಎಫ್‌ಟ್ರೇಸ್ ಎಂಬ ಭಾಗ. ಆರಂಭದ ನಂತರ ಬಿಟ್ಟುಕೊಟ್ಟ ಮೆಮೊರಿ ವಿಳಾಸಗಳನ್ನು ಅದು ಇನ್ನೂ ತನ್ನವೆಂದು ತಿಳಿದು ತಿದ್ದಲು ಹೋಗುತ್ತಿತ್ತು. ಅಷ್ಟರಲ್ಲಿ ಆ ವಿಳಾಸಗಳು ಕಾರ್ಡ್‌ನ ಚಿಪ್‌ಗೆ ಹಂಚಿಕೆಯಾಗಿರುತ್ತಿದ್ದವು. ಅಂತಿಮ ಬಿಡುಗಡೆಗೆ ಮೊದಲೇ ಚಿಪ್ ಹಾಳಾಗುವುದನ್ನು ತಡೆದರು, ನಿಜ. ಅಷ್ಟರೊಳಗೆ ಕಾರ್ಡ್ ಕಳೆದುಕೊಂಡವರಿಗೆ ಬ್ಯಾಕಪ್‌ನಿಂದಲೂ ಪ್ರಯೋಜನವಾಗಲಿಲ್ಲ.

ಇಷ್ಟು ಓದಿ ನಿಮ್ಮ ಹಿರಿಯರು ಗೆದ್ದೆನೆಂದು ಭಾವಿಸಬಾರದು. ಸ್ಥಿರವೆಂಬ ಹಣೆಪಟ್ಟಿ ಹೊತ್ತ ಕರ್ನಲ್‌ಗಳೂ ಡೇಟಾ ಹಾಳುಮಾಡಿವೆ. 2001ರ ನವೆಂಬರ್‌ನಲ್ಲಿ ಬಂದ 2.4.15 ಸಮಸಂಖ್ಯೆಯ ಸಾಲಿನದೇ ಆಗಿತ್ತು. ಫೈಲ್‌ಸಿಸ್ಟಮನ್ನು ಅನ್‌ಮೌಂಟ್ ಮಾಡುವಾಗ (ಬಳಕೆಯಿಂದ ಬಿಡಿಸುವಾಗ) ಅದು ಹಾಳಾಗುವ ದೋಷ ಅದರಲ್ಲಿದ್ದು, ಕೆಲವೇ ದಿನಗಳಲ್ಲಿ 2.4.16 ಹೊರತರಬೇಕಾಯಿತು. ಅದು ಹಳೆಯ ಕಥೆಯಾಯಿತು ಎನ್ನುವವರು 2023ರ ಡಿಸೆಂಬರನ್ನು ನೆನೆಯಲಿ. ನೀವು ಹಾಕಲು ಹೊರಟಿದ್ದ ಡೆಬಿಯನ್ 12ರಲ್ಲಿಯೇ ಆ ಘಟನೆ ನಡೆಯಿತು.

ಆ ಘಟನೆಯನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು. ಇಎಕ್ಸ್‌ಟಿ4 ಫೈಲ್‌ಸಿಸ್ಟಮ್‌ಗೆ ಸಂಬಂಧಿಸಿದ ಒಂದು ತಿದ್ದುಪಡಿ ಮುಖ್ಯ ಸಾಲಿನಲ್ಲಿ ಬಂದಿತ್ತು, ಅಲ್ಲಿ ಅದು ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ಅದನ್ನು ಹಳೆಯ ಸಾಲುಗಳಿಗೂ ಇಳಿಸುವಾಗ 6.1.64ಕ್ಕೆ ಸೇರಿಸಿದರು. ಆದರೆ ಆ ತಿದ್ದುಪಡಿ, 6.5ರಲ್ಲಿ ಆಗಿದ್ದ ಇನ್ನೊಂದು ಚಿಕ್ಕ ಬದಲಾವಣೆಯನ್ನು ನೆಚ್ಚಿಕೊಂಡಿತ್ತು. ಆ ಬದಲಾವಣೆ 6.1ರಲ್ಲಿ ಇರಲೇ ಇಲ್ಲ. ಪರಿಣಾಮವಾಗಿ, ಕರ್ನಲ್‌ನ ಕ್ಯಾಶೆಯನ್ನು (ಮೆಮೊರಿಯ ತಾತ್ಕಾಲಿಕ ಸಂಗ್ರಹವನ್ನು) ಬದಿಗಿಟ್ಟು ನೇರವಾಗಿ ಡಿಸ್ಕ್‌ಗೆ ಬರೆಯುವ ಕೆಲವು ಪ್ರೋಗ್ರಾಮ್‌ಗಳ ಬರವಣಿಗೆಯ ಸ್ಥಾನ ತಪ್ಪಿ, ಒಂದು ಕಡೆ ಇರಬೇಕಾದ ಡೇಟಾ ಇನ್ನೊಂದು ಕಡೆ ಬೀಳುವ ಸಾಧ್ಯತೆ ಉಂಟಾಯಿತು. ಡೆಬಿಯನ್ 12.3 ಇದೇ ಕರ್ನಲ್ ಹೊತ್ತು ಡಿಸೆಂಬರ್ 9ರಂದು ಹೊರಡಬೇಕಿತ್ತು. ದೋಷ ಗೊತ್ತಾದೊಡನೆ ಅದರ ಡಿಸ್ಕ್ ಚಿತ್ರಗಳನ್ನು ತಡೆಹಿಡಿದು, ಮರುದಿನವೇ 6.1.66 ಸೇರಿಸಿ 12.4 ಎಂದು ಬಿಡುಗಡೆ ಮಾಡಿದರು. ದೋಷ ಹೊಸತನದಿಂದ ಬರಲಿಲ್ಲ, ಹಳೆಯದನ್ನು ಹಳೆಯದಾಗಿಯೇ ಕಾಪಾಡುವ ಪ್ರಯತ್ನದಿಂದ ಬಂತು. ಅಂದು 6.5 ಅಥವಾ 6.6 ಓಡಿಸುತ್ತಿದ್ದವರಿಗೆ ಇದು ತಟ್ಟಲಿಲ್ಲ.

ಹಾಗಾದರೆ ನಂಬುವುದು ಯಾವುದನ್ನು? ಸಂಖ್ಯೆಯನ್ನಂತೂ ಅಲ್ಲ. ನನ್ನ ದೃಷ್ಟಿಯಲ್ಲಿ ಕೇಳಬೇಕಾದ ಪ್ರಶ್ನೆಗಳು ಬೇರೆಯೇ ಇವೆ. ಈ ಕರ್ನಲನ್ನು ನಿಮಗಿಂತ ಮುಂಚೆ, ನಿಮ್ಮಂಥದೇ ಯಂತ್ರ ಮತ್ತು ಕೆಲಸದಲ್ಲಿ ಎಷ್ಟು ಜನ ಓಡಿಸಿದ್ದಾರೆ? ದೋಷ ಸಿಕ್ಕರೆ ತಿದ್ದಿ ಕಳುಹಿಸುವ ಹೊಣೆ ಯಾರದು? ಕೆಟ್ಟರೆ ನೀವು ಎಷ್ಟು ಬೇಗ ಹಿಂದಿನದಕ್ಕೆ ಮರಳಬಲ್ಲಿರಿ? ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಿಂದ ಹೊಸ ಭತ್ತದ ತಳಿ ತಂದ ರೈತ ಅದನ್ನು ಇಡೀ ಗದ್ದೆಗೆ ನಾಟಿ ಮಾಡದೆ ಒಂದು ಮಡಿಯಲ್ಲಿ ಹಾಕಿ ನೋಡುವುದೂ ಇದೇ ಲೆಕ್ಕದಿಂದ. ಫಾರಂನವರ ಮೇಲೆ ಅಪನಂಬಿಕೆ ಎಂದಲ್ಲ, ತನ್ನ ನೆಲದಲ್ಲಿ ಅದು ಹೇಗೆ ಬರುತ್ತದೆಂದು ಬೇರೆ ಯಾರೂ ಹೇಳಲಾರರು ಎಂದು.

ಈ ಪ್ರಶ್ನೆಗಳನ್ನು ನಿಮ್ಮ ಹಳೆಯ ಯಂತ್ರಕ್ಕೆ ಹಾಕೋಣ. ಸೆಂಟ್‌ಒಎಸ್ 7ರಲ್ಲಿರುವುದು 3.10 ಕರ್ನಲ್. ಮೂಲ 3.10 ಬಿಡುಗಡೆಯಾದದ್ದು 2013ರಲ್ಲಿ. ಸೆಂಟ್‌ಒಎಸ್‌ಗೆ ಮೂಲವಾದ ಲಿನಕ್ಸನ್ನು ಹೊರತರುವ ರೆಡ್‌ಹ್ಯಾಟ್ ಸಂಸ್ಥೆ ಆ ಸಂಖ್ಯೆಯನ್ನು ಬದಲಿಸದೆ, ಹೊಸ ಕರ್ನಲ್‌ಗಳಲ್ಲಿ ಬಂದ ತಿದ್ದುಪಡಿಗಳನ್ನೂ ಡ್ರೈವರ್‌ಗಳನ್ನೂ ವರ್ಷಗಟ್ಟಲೆ ಅದಕ್ಕೆ ಇಳಿಸುತ್ತ ಬಂತು. ಆದ್ದರಿಂದ ‘3.10 ಎಂದರೆ ಹಳೆಯದು’ ಎಂದು ಹಳಿಯುತ್ತಿದ್ದವರ ಮಾತೂ ಅಂದು ಪೂರ್ತಿ ಸರಿಯಾಗಿರಲಿಲ್ಲ. ಆದರೆ ಆ ಇಳಿಸುವ ಕೆಲಸ ಸೆಂಟ್‌ಒಎಸ್ 7ರ ಮಟ್ಟಿಗೆ 2024ರ ಜೂನ್ 30ಕ್ಕೆ ನಿಂತಿತು. ಅಂದಿನಿಂದ ಅದು ಸ್ಥಿರ ಕರ್ನಲ್ ಅಲ್ಲ, ವಾರಸುದಾರರಿಲ್ಲದ ಕರ್ನಲ್. ಅದರ ಮೇಲೆ ಎರಡು ವರ್ಷ ರೀಬೂಟ್ ಆಗಿಲ್ಲವೆಂದರೆ, ಅಷ್ಟು ದಿನಗಳಲ್ಲಿ ಬಂದಿದ್ದ ತಿದ್ದುಪಡಿಗಳು ಡಿಸ್ಕ್‌ಗೆ ಇಳಿದಿದ್ದರೂ ಓಡುತ್ತಿರುವ ಕರ್ನಲ್‌ಗೆ ತಲುಪಿಲ್ಲ ಎಂದೇ ಅರ್ಥ.

ಭದ್ರತೆಯ ದೋಷಗಳು ಹಳೆಯದಕ್ಕೂ ಹೊಸದಕ್ಕೂ ಬೇರೆ ಬೇರೆ ರೀತಿಯಲ್ಲಿ ಕಾಡುತ್ತವೆ. 2022ರಲ್ಲಿ ಬಯಲಾದ ಡರ್ಟಿ ಪೈಪ್ ಎಂಬ ದೋಷ, ಓದಲು ಮಾತ್ರ ಅನುಮತಿ ಇರುವ ಕಡತವನ್ನು ಸಾಮಾನ್ಯ ಬಳಕೆದಾರನೂ ತಿದ್ದಲು ಎಡೆಮಾಡಿಕೊಡುತ್ತಿತ್ತು. ಅದು ಬಾಧಿಸಿದ್ದು 5.8 ಮತ್ತು ನಂತರದ ಕರ್ನಲ್‌ಗಳನ್ನು, 5.16.11, 5.15.25, 5.10.102ರಲ್ಲಿ ಅದನ್ನು ತಿದ್ದಲಾಯಿತು. ಹೀಗೆ ಹೊಸದನ್ನು ಬಳಸುವವರಿಗೆ ಮಾತ್ರ ಬರುವ ಕಷ್ಟಗಳೂ ಉಂಟು. 2016ರಲ್ಲಿ ಸಿಕ್ಕ ಡರ್ಟಿ ಕೌ ಇದಕ್ಕೆ ತದ್ವಿರುದ್ಧ: 2007ರ 2.6.22ರಿಂದಲೂ ಅದು ಒಳಗೇ ಕುಳಿತಿತ್ತು. ವರ್ಷಗಳು ಕಳೆದಂತೆ ಕರ್ನಲ್ ತಾನಾಗಿ ಮಾಗಿ ದೋಷಮುಕ್ತವಾಗುವುದಿಲ್ಲ, ಅದರ ದೋಷಗಳು ಒಂದೊಂದಾಗಿ ಹೊರಜಗತ್ತಿಗೆ ಪರಿಚಯವಾಗುತ್ತ ಹೋಗುತ್ತವೆ. ತಿದ್ದುವವರಿದ್ದರೆ ಆ ಪರಿಚಯದಿಂದ ಲಾಭ, ಇಲ್ಲದಿದ್ದರೆ ದಾಳಿಕೋರರ ಕೈಗೆ ಪಟ್ಟಿ ಕೊಟ್ಟಂತೆ.

ಡೇಟಾಬೇಸ್ ನಡೆಸುವವರು ಹಳೆಯ ಕರ್ನಲ್ ಬಗ್ಗೆ ಯೋಚಿಸಬೇಕಾದ ಇನ್ನೊಂದು ಸಂಗತಿಯೂ ಇದೆ. ಡೇಟಾ ಡಿಸ್ಕ್‌ಗೆ ಇಳಿಯಿತೇ ಎಂದು ಪೋಸ್ಟ್‌ಗ್ರೆಸ್ ಕರ್ನಲ್‌ಗೆ ಕೇಳುತ್ತದೆ. ಬರೆಯುವಾಗ ದೋಷವಾಗಿದ್ದರೆ ಕರ್ನಲ್ ಅದನ್ನು ಹೇಗೆ ತಿಳಿಸುತ್ತದೆ, ಎರಡನೆಯ ಬಾರಿ ಕೇಳಿದಾಗ ಏನು ಹೇಳುತ್ತದೆ ಎಂಬುದರಲ್ಲಿ ಇದ್ದ ಗೊಂದಲ 2018ರಲ್ಲಿ ದೊಡ್ಡ ಚರ್ಚೆಯಾಯಿತು. 4.13ರಿಂದ ಕರ್ನಲ್ ಇಂಥ ದೋಷಗಳನ್ನು ವರದಿ ಮಾಡುವ ವಿಧಾನ ಸುಧಾರಿಸಿತು. 2019ರ ಫೆಬ್ರವರಿಯ ಬಿಡುಗಡೆಗಳಲ್ಲಿ ಪೋಸ್ಟ್‌ಗ್ರೆಸ್ ಕೂಡ ಅಂಥ ಸಂದರ್ಭದಲ್ಲಿ ಮತ್ತೆ ಪ್ರಯತ್ನಿಸದೆ ತಕ್ಷಣ ನಿಂತುಬಿಡುವಂತೆ ತನ್ನ ನಡವಳಿಕೆಯನ್ನು ಬದಲಿಸಿಕೊಂಡಿತು. ಡಿಸ್ಕ್ ಹಳೆಯದಾಗುತ್ತ ಬಂದಿರುವ ಯಂತ್ರದಲ್ಲಿ ಹಳೆಯ ಕರ್ನಲ್ ಮತ್ತು ಹಳೆಯ ಪೋಸ್ಟ್‌ಗ್ರೆಸ್ ಎರಡೂ ಇದ್ದರೆ, ಬರೆಯದ ಲೆಕ್ಕವನ್ನು ಬರೆದಿದ್ದೇನೆಂದು ನಂಬಿ ಕೂರುವ ಸಾಧ್ಯತೆ ಇದೆ. ರೈತರಿಗೆ ಬಟವಾಡೆ ಮಾಡುವ ಲೆಕ್ಕದಲ್ಲಿ ಇದು ಸಲ್ಲದು.

ಇನ್ನು ಎರಡು ವರ್ಷ ನಿಲ್ಲದೆ ಓಡಿದ ಹೆಮ್ಮೆಯ ಮಾತು. ಈ ಹೆಮ್ಮೆಯನ್ನು ನಾನು ಎಂದೂ ಒಪ್ಪಿಲ್ಲ. ನಮ್ಮ ಮೈಸೂರು, ಮಂಡ್ಯದ ಕಚೇರಿಗಳಲ್ಲಿ ವರ್ಷಕ್ಕೊಮ್ಮೆ ಯಂತ್ರಗಳಿಗೆ ವಿಶ್ರಾಂತಿ ಸಿಗುವ ದಿನ ಆಯುಧಪೂಜೆ. ಸರ್ವರ್ ಕೋಣೆಯನ್ನು ಗುಡಿಸಿ, ರ‍್ಯಾಕ್‌ಗೆ ವಿಭೂತಿ ಕುಂಕುಮ ಇಟ್ಟು, ಸೇವಂತಿಗೆ ಹಾರ ಹಾಕಿ, ಧೂಳು ಒರೆಸುವ ನೆಪದಲ್ಲಿ ಸ್ವಿಚ್ಚನ್ನೂ ಆರಿಸುತ್ತಾರೆ. ಪೂಜೆ ಮುಗಿದು, ಬಾಗಿಲಲ್ಲಿ ಬೂದುಗುಂಬಳ ಒಡೆದು, ಮತ್ತೆ ಸ್ವಿಚ್ ಹಾಕಿದಾಗ ಏಳುವ ಕರ್ನಲ್ ಯಾವುದು? ಆರಿಸುವ ಮುಂಚೆ ಓಡುತ್ತಿದ್ದದ್ದಲ್ಲ. ಕಳೆದ ತಿಂಗಳುಗಳಲ್ಲಿ ಪ್ಯಾಕೇಜ್ ನವೀಕರಣದ ಜೊತೆ ಬಂದು, ಒಮ್ಮೆಯೂ ಓಡಿಸಿ ನೋಡದೆ ಡಿಸ್ಕ್‌ನಲ್ಲಿ ಕುಳಿತಿದ್ದ ಹೊಸದು. ಅದರಲ್ಲಿ ಹಲವು ಡಿಸ್ಕ್‌ಗಳನ್ನು ಒಂದಾಗಿ ನಡೆಸುವ ರೇಡ್ ಕಾರ್ಡ್‌ನ ಡ್ರೈವರ್ ಏಳದಿದ್ದರೆ ಮರುದಿನ ವಿಜಯದಶಮಿ; ಮೈಸೂರಿನಲ್ಲಾದರೆ ಜಂಬೂ ಸವಾರಿಯ ಜನಸಂದಣಿ ದಾಟಿ ಎಂಜಿನಿಯರ್ ಬರುವುದೂ ಕಷ್ಟ. ಹಾಲಿಗಾದರೋ ಹಬ್ಬದ ರಜೆ ಇಲ್ಲ. ಎರಡು ತಿಂಗಳಿಗೊಮ್ಮೆಯಾದರೂ ನೀವೇ ಆರಿಸಿಕೊಂಡ ಹೊತ್ತಿನಲ್ಲಿ ರೀಬೂಟ್ ಮಾಡುವವರಿಗೆ ಈ ಆಘಾತ ಇರುವುದಿಲ್ಲ. ಓಡುತ್ತಿರುವ ಕರ್ನಲ್ ಮತ್ತು ಡಿಸ್ಕ್‌ನಲ್ಲಿರುವ ಕರ್ನಲ್ ಒಂದೇ ಆಗಿರುವಂತೆ ನೋಡಿಕೊಳ್ಳುವುದು ಸ್ಥಿರತೆಯ ಮೊದಲ ಷರತ್ತು.

ಒಂದು ಎಚ್ಚರಿಕೆಯನ್ನು ಇಲ್ಲಿ ಸೇರಿಸಬೇಕು. ಪ್ರಾಯೋಗಿಕ ಭಾಗಗಳು ಇಂದು ಬೆಸಸಂಖ್ಯೆಯ ಸಾಲಿನಲ್ಲಿ ಇರುವುದಿಲ್ಲ, ಸ್ಥಿರ ಬಿಡುಗಡೆಯ ಒಳಗೇ ಇರುತ್ತವೆ. 2024ರ ಜನವರಿಯ 6.7ರಲ್ಲಿ ಬಿಕ್ಯಾಶ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಮ್ ಪ್ರಾಯೋಗಿಕ ಎಂಬ ಗುರುತಿನೊಡನೆ ಒಳಬಂತು. ಎರಡು ವರ್ಷ ತುಂಬುವ ಮೊದಲೇ, 6.18ರ ಹೊತ್ತಿಗೆ, ಮುಖ್ಯ ಕರ್ನಲ್‌ನಿಂದ ಹೊರಹೋಯಿತು. ಅದನ್ನು ನೆಚ್ಚಿ ಡೇಟಾ ಇಟ್ಟವರು ಈಗ ಹೊರಗಿನ ಮಾಡ್ಯೂಲ್ ಜೋಡಿಸಿಕೊಳ್ಳಬೇಕು. ಬಿಟಿಆರ್‌ಎಫ್‌ಎಸ್ ಎಂಬ ಇನ್ನೊಂದು ಫೈಲ್‌ಸಿಸ್ಟಮ್‌ನ ರೇಡ್ 5 ಮತ್ತು 6ನ್ನು ಬಳಸಬೇಡಿ ಎಂದು ಅದನ್ನು ಬರೆದವರೇ ಹೇಳುತ್ತಾರೆ. ಕರ್ನಲ್‌ನ ಸ್ಟೇಜಿಂಗ್ ಎಂಬ ಕಡತಕೋಶದ ಡ್ರೈವರ್‌ಗಳೂ ಇನ್ನೂ ಪಕ್ವವಾಗದವೇ. ನೀವು 6.12 ಹಾಕಿಯೂ ಇವುಗಳಲ್ಲಿ ಒಂದನ್ನು ಆರಿಸಿಕೊಂಡರೆ ಪ್ರಾಯೋಗಿಕ ಕರ್ನಲ್ ಹಾಕಿದಂತೆಯೇ ಆಯಿತು. ಲೆಕ್ಕದ ಯಂತ್ರಕ್ಕೆ ಇಎಕ್ಸ್‌ಟಿ4 ಅಥವಾ ಎಕ್ಸ್‌ಎಫ್‌ಎಸ್ ಫೈಲ್‌ಸಿಸ್ಟಮ್ ಸಾಕು.

ಹಾಗೆಯೇ ಕಾರ್ಡ್ ತಯಾರಕರು ತಮ್ಮ ತಾಣದಲ್ಲಿ ಕೊಡುವ ಪ್ರತ್ಯೇಕ ಡ್ರೈವರ್ ಹಾಕಿ ಹಳೆಯ ಕರ್ನಲ್‌ನಲ್ಲೇ ಉಳಿಯುವ ಉಪಾಯವನ್ನು ಯಾರಾದರೂ ಸೂಚಿಸಬಹುದು. ಕರ್ನಲ್‌ನ ಒಳಗಿನ ಸಂಪರ್ಕಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತಿರುತ್ತವೆ. ಹೊರಗಿನ ಪ್ರೋಗ್ರಾಮ್‌ಗಳು ಒಡೆಯಬಾರದೆಂಬ ಕಟ್ಟುನಿಟ್ಟು ಒಳಗಿನ ಡ್ರೈವರ್‌ಗಳಿಗೆ ಅನ್ವಯಿಸುವುದಿಲ್ಲ. ಆದ್ದರಿಂದ ಪ್ರತಿ ನವೀಕರಣದಲ್ಲಿಯೂ ಆ ಡ್ರೈವರನ್ನು ಮತ್ತೆ ಕಟ್ಟಬೇಕು, ಒಂದು ದಿನ ಅದು ಕಟ್ಟಿಕೊಳ್ಳದೆ ಹೋಗುತ್ತದೆ, ಅಂದು ಯಂತ್ರ ನೆಟ್‌ವರ್ಕ್ ಇಲ್ಲದೆ ಏಳುತ್ತದೆ. ಅನಿವಾರ್ಯವಲ್ಲದಿದ್ದರೆ ಆ ದಾರಿ ಬೇಡ.

ಈಗ ಕೆಲಸದ ಕ್ರಮ. ಹೊಸ ಯಂತ್ರಕ್ಕೆ ಡೆಬಿಯನ್ 13 ಹಾಕಿದ ಮೇಲೆ ಹಳೆಯದರ ಬ್ಯಾಕಪ್ಪನ್ನು ಅದರ ಮೇಲೆ ಮರುಸ್ಥಾಪಿಸಿ. ಈ ಒಂದು ಹೆಜ್ಜೆಯಿಂದ ನಿಮ್ಮ ಬ್ಯಾಕಪ್ ನಿಜವಾಗಿ ಬಳಕೆಗೆ ಬರುತ್ತದೆಯೇ ಎಂಬುದೂ ತಿಳಿಯುತ್ತದೆ. ಬಳಿಕ ಈಗಾಗಲೇ ಪಾವತಿಯಾಗಿರುವ ಒಂದು ಬಟವಾಡೆಯ ಅವಧಿಯನ್ನು ಹೊಸ ಯಂತ್ರದಲ್ಲಿ ಮತ್ತೆ ಲೆಕ್ಕ ಹಾಕಿಸಿ, ಸಂಘವಾರು ಮೊತ್ತಗಳನ್ನು ಹಳೆಯ ಪಟ್ಟಿಯೊಡನೆ ಪೈಸೆಗೆ ಪೈಸೆ ಹೋಲಿಸಿ. ಡೇಟಾಬೇಸ್ ಆರಂಭಿಸುವಾಗಲೇ ಡೇಟಾ ಪುಟಗಳು ಹಾಳಾಗಿವೆಯೇ ಎಂದು ತಾಳೆ ನೋಡುವ ಚೆಕ್‌ಸಮ್ ಸೌಲಭ್ಯವನ್ನು ಚಾಲೂ ಮಾಡಿಕೊಳ್ಳಿ. ಡಿಸ್ಕ್‌ನಲ್ಲಿ ಏನಾದರೂ ಏರುಪೇರಾದರೆ ಮೌನವಾಗಿ ಮುಚ್ಚಿಹೋಗದೆ ಕಣ್ಣಿಗೆ ಬೀಳುತ್ತದೆ. ಸೇವೆಗೆ ಇಳಿಸುವ ಮುಂಚೆ ಯುಪಿಎಸ್ ಕಿತ್ತು ಒಮ್ಮೆ ವಿದ್ಯುತ್ತನ್ನು ದಿಢೀರನೆ ಕಡಿದು ನೋಡಿ. ಮುಂಗಾರಿನ ಗಾಳಿಮಳೆಯಲ್ಲಿ ಹೇಗೂ ಆಗುವ ಪರೀಕ್ಷೆ ಅದು, ನಿಮ್ಮ ಕಣ್ಣೆದುರೇ ಆಗಲಿ.

ಮುಂದೆ ಪ್ರತಿ ಬಾರಿ ಕರ್ನಲ್ ನವೀಕರಣ ಬಂದಾಗ, ಮರಳಿ ಬರುವ ದಾರಿಯನ್ನು ಮೊದಲು ಮಾಡಿಟ್ಟುಕೊಳ್ಳಬೇಕು. ಯಂತ್ರ ಏಳುವಾಗ ಕರ್ನಲನ್ನು ಆರಿಸಿ ಎಬ್ಬಿಸುವ ಗ್ರಬ್‌ನಲ್ಲಿ ಈಗಿನ, ಪರೀಕ್ಷಿತ ಕರ್ನಲನ್ನೇ ಪೂರ್ವನಿಯೋಜಿತ ಆಯ್ಕೆಯಾಗಿ ಉಳಿಸಿ, ಹೊಸದನ್ನು ಮುಂದಿನ ಒಂದು ಬೂಟ್‌ಗೆ ಮಾತ್ರ ಆರಿಸುವ ಸೌಲಭ್ಯವಿದೆ. ಕರ್ನಲ್ ಪ್ಯಾನಿಕ್ ಆದರೆ (ಮುಂದುವರಿಯಲಾರದೆ ನಿಂತರೆ) ಹತ್ತು ಸೆಕೆಂಡ್ ಬಳಿಕ ತಾನೇ ರೀಬೂಟ್ ಆಗಬೇಕೆಂಬ ಸೂಚನೆಯನ್ನೂ ಬೂಟ್ ಆಗುವಾಗ ಕರ್ನಲ್‌ಗೆ ಕೊಡುವ ಸೂಚನೆಗಳಲ್ಲಿ ಸೇರಿಸಿ. ಆಗ ಹೊಸದು ಬಿದ್ದರೆ ಯಂತ್ರ ತಾನಾಗಿ ಹಳೆಯದಕ್ಕೆ ಮರಳುತ್ತದೆ. ಇದರಲ್ಲಿ ಎರಡು ತೊಡಕುಗಳಿವೆ. ಬೂಟ್ ವಿಭಾಗ ಎಲ್‌ವಿಎಂ (ಡಿಸ್ಕ್ ಜಾಗವನ್ನು ಬೇಕಾದಂತೆ ಹಂಚುವ ಪದರ) ಅಥವಾ ಸಾಫ್ಟ್‌ವೇರ್ ರೇಡ್ ಮೇಲಿದ್ದರೆ ಗ್ರಬ್ ಅಲ್ಲಿಗೆ ಬರೆಯಲಾರದು. ಒಂದು ಬಾರಿಯ ಆಯ್ಕೆಯನ್ನು ಅಳಿಸಲಾಗದೆ ಮತ್ತೆ ಮತ್ತೆ ಅದೇ ಕೆಟ್ಟ ಕರ್ನಲನ್ನು ಎಬ್ಬಿಸುತ್ತ ಸುತ್ತುತ್ತದೆ. ಬೂಟ್‌ಗೆ ಸಾಧಾರಣ ವಿಭಾಗವೊಂದನ್ನು, ಒಂದು ಜಿಬಿಗೆ ಕಡಿಮೆಯಿಲ್ಲದಂತೆ, ಮೊದಲೇ ಮಾಡಿಕೊಳ್ಳಿ. ಎರಡನೆಯ ತೊಡಕು, ಕರ್ನಲ್ ಎದ್ದು ನೆಟ್‌ವರ್ಕ್ ಮಾತ್ರ ಏಳದಿದ್ದರೆ ಅದು ಪ್ಯಾನಿಕ್ ಅಲ್ಲ, ಹಾಗಾಗಿ ಯಂತ್ರ ಸುಮ್ಮನೆ ಕುಳಿತಿರುತ್ತದೆ. ಬೂಟ್ ಆದ ಹದಿನೈದು ನಿಮಿಷದೊಳಗೆ ನೀವು ಲಾಗಿನ್ ಆಗಿ ರದ್ದುಪಡಿಸದಿದ್ದರೆ ರೀಬೂಟ್ ಮಾಡುವ ಒಂದು ಚಿಕ್ಕ ಸ್ಕ್ರಿಪ್ಟ್ ಇದಕ್ಕೆ ಪರಿಹಾರ. ಯಂತ್ರವನ್ನು ದೂರದಿಂದಲೇ ನಿಯಂತ್ರಿಸುವ ಐಪಿಎಂಐ ಸೌಲಭ್ಯ ಇದ್ದರೆ ಇನ್ನೂ ನಿರಾಳ.

ನವೀಕರಣ ಬಂದ ದಿನವೇ ಹಾಕಬೇಕೇ ಎಂದು ನೀವು ಕೇಳಬಹುದು. 6.1.64ರ ಪಾಠ ನೋಡಿದರೆ ಒಂದು ವಾರ ತಡೆಯುವುದು ವಿವೇಕ. ಹೊರಗಿನಿಂದ ನೇರವಾಗಿ ದಾಳಿಗೆ ಸಿಗುವಂಥ ದೋಷದ ತಿದ್ದುಪಡಿಯಾದರೆ ಮಾತ್ರ ತಡೆಯಬಾರದು. ಯಾವ ತಿದ್ದುಪಡಿ ಬೇಕು, ಯಾವುದು ಬೇಡ ಎಂದು ನೀವೇ ಹೆಕ್ಕಲು ಹೋಗಬೇಡಿ. 2024ರ ಫೆಬ್ರವರಿಯಿಂದ ಕರ್ನಲ್ ಬಳಗವೇ ತನ್ನ ದೋಷಗಳಿಗೆ ಸಿವಿಇ (ಭದ್ರತಾ ದೋಷಗಳ ಸಾರ್ವಜನಿಕ ಪಟ್ಟಿಯ) ಸಂಖ್ಯೆ ಕೊಡುತ್ತಿದ್ದು, ಆ ಪಟ್ಟಿ ಯಾರೂ ಕೂತು ಓದಲಾರದಷ್ಟು ಉದ್ದವಾಗಿದೆ. ಡೆಬಿಯನ್ ಕಟ್ಟಿಕೊಟ್ಟ ಕರ್ನಲನ್ನು ಇಡಿಯಾಗಿ ತೆಗೆದುಕೊಳ್ಳಿ.

ಆರ್‌ಸಿ ಕರ್ನಲ್‌ಗಳಿಗೆ ನಿಮ್ಮಲ್ಲಿ ಜಾಗವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಎಲ್ಲರೂ ಬೇರೆಯವರು ಪರೀಕ್ಷಿಸಲಿ ಎಂದು ಕುಳಿತರೆ ಸ್ಥಿರ ಕರ್ನಲ್ ಎಲ್ಲಿಂದ ಬರಬೇಕು? ನಿಮ್ಮ ಹೊಸ ಸರ್ವರ್‌ನಲ್ಲಿರುವಂಥದೇ ನೆಟ್‌ವರ್ಕ್ ಕಾರ್ಡ್ ಇನ್ನೊಂದು ಸಿಕ್ಕರೆ ಅದನ್ನು ಒಂದು ಹಳೆಯ ಡೆಸ್ಕ್‌ಟಾಪ್‌ಗೆ ಹಾಕಿ, ಅದರಲ್ಲಿ ನಕಲಿ ಡೇಟಾ ಮಾತ್ರ ಇಟ್ಟು, ನಿಮ್ಮ ಗೆಳೆಯರಿಗೆ ಒಪ್ಪಿಸಿ. ಆರ್‌ಸಿ1 ಬಿಟ್ಟು ಆರ್‌ಸಿ3ರ ನಂತರದವನ್ನು ಓಡಿಸಲಿ. ಹಿಂದೆ ಸರಿಯಾಗಿದ್ದದ್ದು ಕೆಟ್ಟಿತೆಂದು ಕಂಡರೆ ಗಿಟ್ ಬೈಸೆಕ್ಟ್ ಎಂಬ ಸಾಧನದ ಮೂಲಕ ಯಾವ ಬದಲಾವಣೆಯಿಂದ ಕೆಟ್ಟಿತೆಂದು ಹುಡುಕಬಹುದು. ಸಾವಿರಾರು ಬದಲಾವಣೆಗಳಿದ್ದರೂ ಪ್ರತಿ ಹಂತದಲ್ಲಿ ಅರ್ಧ ಕಳಚುವುದರಿಂದ ಹದಿನೈದರ ಆಸುಪಾಸಿನ ಹಂತಗಳಲ್ಲಿ ಉತ್ತರ ಸಿಗುತ್ತದೆ. ಅಷ್ಟು ವಿವರವಿರುವ ವರದಿಯನ್ನು ಆ ಡ್ರೈವರ್ ನಿರ್ವಹಿಸುವವರಿಗೆ ಕಳುಹಿಸಿದರೆ, ಮುಂದಿನ ದೀರ್ಘಾವಧಿ ಸಾಲು ನಿಮ್ಮ ಸರ್ವರ್‌ಗೆ ಬರುವ ಹೊತ್ತಿಗೆ ಆ ದೋಷ ಅದರಲ್ಲಿ ಉಳಿದಿರುವ ಸಂಭವ ಕಡಿಮೆ.

ಲೆಕ್ಕವನ್ನು ಹೊಸ ಯಂತ್ರಕ್ಕೆ ಸಾಗಿಸುವ ದಿನವನ್ನು ಬಟವಾಡೆಯ ಮರುದಿನಕ್ಕೆ ಇಟ್ಟುಕೊಳ್ಳಿ. ಬೆಳಗಿನ ಹಾಲಿನ ವಿವರಗಳು ಬಂದು ಮುಗಿದ ಮೇಲೆ ಶುರುಮಾಡಿದರೆ ಸಂಜೆಯ ಹೊತ್ತಿಗೆ ಸಾಕಷ್ಟು ಬಿಡುವು ಸಿಗುತ್ತದೆ. ಹಳೆಯ ಯಂತ್ರವನ್ನು ಹೊರಗಿನ ನೆಟ್‌ವರ್ಕ್‌ನಿಂದ ಬಿಡಿಸಿ, ಮುಂದಿನ ಎರಡು ಬಟವಾಡೆಗಳು ಮುಗಿಯುವವರೆಗೆ ಅಳಿಸದೆ ಹಾಗೆಯೇ ಇಟ್ಟಿರಿ.